ಕ್ಯಾಮೆರಾ ಅಗ್ಗವಾದರೆ ಸಾಲದು

ಸಂಪಾದಕರಿಗೆ,

ಕಡಿಮೆ ಬಂಡವಾಳದ ಸಿನಿಮಾಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹದಲ್ಲಿ ಕ್ಯಾಮೆರಾ ಬಾಡಿಗೆಯ ಲೆಕ್ಕವಿದೆ, ಬಿಡುಗಡೆಯ ಸುದ್ದಿಯೇ ಇಲ್ಲ. ಅಸಲಿ ಫಜೀತಿ ಶುರುವಾಗುವುದೇ ಅಲ್ಲಿ. ಇದನ್ನು ತಿಳಿಯಲು ಅಮೆರಿಕದ ನಿರ್ದೇಶಕ ಮಾರಿಯೋ ವ್ಯಾನ್ ಪೀಬಲ್ಸ್ ಅವರ ‘ಬ್ಯಾಡ್ಯಾಸ್!’ (2003) ನೋಡಬೇಕು. ತಂದೆ ಮೆಲ್ವಿನ್ 1971ರ ‘ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡ್ಯಾಸ್ ಸಾಂಗ್’ ಚಿತ್ರವನ್ನು ಹೇಗೆ ಮುಗಿಸಿದರೆಂಬುದೇ ಅದರ ಕಥೆ. ತಂದೆಯ ಪಾತ್ರ ಮಾಡಿರುವುದು ಮಗನೇ.

ಮೆಲ್ವಿನ್‌ಗೆ ಹಾಲಿವುಡ್ಡಿನ ಕೊಲಂಬಿಯಾ ಸ್ಟುಡಿಯೊದಲ್ಲಿ ಮೂರು ಚಿತ್ರಗಳ ಒಪ್ಪಂದವಿತ್ತು. ಆದರೆ ಬಿಳಿಯ ಪೊಲೀಸರನ್ನು ಬಡಿದು, ಕೊನೆಗೂ ಸಿಕ್ಕಿಬೀಳದ ಕಪ್ಪು ನಾಯಕನ ಕಥೆಗೆ ಸ್ಟುಡಿಯೊ ದುಡ್ಡು ಸಿಗಲಿಲ್ಲ. ಕೈಯಲ್ಲಿದ್ದದ್ದನ್ನೆಲ್ಲ ಸುರಿದರು. ಅದೂ ಬರಿದಾದಾಗ ಹಾಸ್ಯನಟ ಬಿಲ್ ಕಾಸ್ಬಿ 50,000 ಡಾಲರ್ ಸಾಲ ಕೊಟ್ಟರು, ಲಾಭದಲ್ಲಿ ಪಾಲು ಕೇಳದೆ.

ಆಗಿನ ಹಾಲಿವುಡ್ ಯೂನಿಯನ್‌ಗಳಲ್ಲಿ ಹೆಚ್ಚುಕಡಿಮೆ ಬಿಳಿಯರೇ. ಮೆಲ್ವಿನ್‌ಗೆ ತಂಡದಲ್ಲಿ ಅರ್ಧದಷ್ಟು ಬಿಳಿಯರಲ್ಲದವರು ಬೇಕಿತ್ತು, ಯೂನಿಯನ್ ದರ ಕೊಡುವ ತಾಕತ್ತೂ ಇರಲಿಲ್ಲ. ತೆಗೆಯುತ್ತಿರುವುದು ನೀಲಿಚಿತ್ರ ಎಂದು ಹೇಳಿಕೊಂಡರು. ಅಂಥವುಗಳ ಗೊಡವೆಗೆ ಯೂನಿಯನ್ ಬರುತ್ತಿರಲಿಲ್ಲ. ಶೂಟಿಂಗ್ 19 ದಿನ. ಇವತ್ತು ಬಂದ ನಟ ನಾಳೆ ಬೇರೆ ಕ್ರಾಪಿನಲ್ಲಿ, ಬೇರೆ ಅಂಗಿಯಲ್ಲಿ ಬಂದರೆ ದೃಶ್ಯಗಳ ಹೊಂದಿಕೆ (ಕಂಟಿನ್ಯುಟಿ) ಕೆಟ್ಟಿತೆಂದೇ ಲೆಕ್ಕ. ಅದಕ್ಕಾಗಿ ಒಂದು ಸನ್ನಿವೇಶ ಹಿಡಿದರೆ ಅದನ್ನು ಪೂರ್ತಿ ಒಂದೇ ಏಟಿಗೆ ಮುಗಿಸುತ್ತಿದ್ದರು. ಸ್ಟಂಟ್ ಮಾಡುವವರಿಗೆ ಕೊಡಲು ಹಣವಿಲ್ಲದೆ ಆ ಕೆಲಸವನ್ನೂ ತಾವೇ ಮಾಡಿದರು. ಬರೆದವರು, ನಿರ್ದೇಶಕ, ನಾಯಕ, ಸಂಕಲನಕಾರ ಎಲ್ಲವೂ ಅವರೇ. ಹದಿಮೂರರ ಮಗನನ್ನು ಆ ವಯಸ್ಸಿಗೆ ಖಂಡಿತ ಸಲ್ಲದ ದೃಶ್ಯದಲ್ಲಿ ಬಳಸಿಕೊಂಡದ್ದು ಮಾತ್ರ ಯಾವ ಬಡತನದ ನೆಪಕ್ಕೂ ಒಗ್ಗುವುದಿಲ್ಲ. ಮಾರಿಯೋ ಅದನ್ನು ಮುಚ್ಚಿಟ್ಟಿಲ್ಲ ಎಂಬುದೇ ‘ಬ್ಯಾಡ್ಯಾಸ್!’ನ ದೊಡ್ಡ ಗುಣ.

ಇನ್ನು ಬಿಡುಗಡೆ. ಇಡೀ ಅಮೆರಿಕದಲ್ಲಿ ಮೊದಲಿಗೆ ಒಪ್ಪಿದ್ದು ಎರಡೇ ಥಿಯೇಟರ್: ಡೆಟ್ರಾಯಿಟ್‌ನಲ್ಲೊಂದು, ಅಟ್ಲಾಂಟಾದಲ್ಲೊಂದು. ಜಾಹೀರಾತಿಗೆ ಕಾಸಿಲ್ಲ. ಆಗಿನ್ನೂ ಹೆಸರು ಮಾಡಿರದ ‘ಅರ್ಥ್, ವಿಂಡ್ ಅಂಡ್ ಫೈರ್’ ತಂಡ ನುಡಿಸಿದ ಸಂಗೀತದ ಎಲ್‌ಪಿ ರೆಕಾರ್ಡನ್ನು ಸ್ಟ್ಯಾಕ್ಸ್ ಕಂಪನಿಯಿಂದ ಚಿತ್ರಕ್ಕೂ ಮುಂಚೆಯೇ ಮಾರುಕಟ್ಟೆಗೆ ಬಿಟ್ಟರು. ಹಾಡು ಕೇಳಿದವರು ಸಿನಿಮಾ ಹುಡುಕಿಕೊಂಡು ಬರಲಿ ಎಂದು. ಸೆನ್ಸಾರ್ ಥರದ ರೇಟಿಂಗ್ ಮಂಡಳಿಗೆ ಚಿತ್ರ ತೋರಿಸಲು ಒಪ್ಪದಿದ್ದಾಗ ‘ಎಕ್ಸ್’ (ದೊಡ್ಡವರಿಗೆ ಮಾತ್ರ) ಹಣೆಪಟ್ಟಿ ಬಿತ್ತು. ‘ಬಿಳಿಯರೇ ತುಂಬಿದ ಜ್ಯೂರಿ ಕೊಟ್ಟ ಎಕ್ಸ್’ ಎಂದು ಅದನ್ನೇ ಪ್ರಚಾರಕ್ಕೆ ತಿರುಗಿಸಿಕೊಂಡರು. ಕಪ್ಪುಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್‌ನ ಹ್ಯೂಯಿ ನ್ಯೂಟನ್ ತಮ್ಮ ಪತ್ರಿಕೆಯ ಒಂದು ಸಂಚಿಕೆಯನ್ನೇ ಚಿತ್ರಕ್ಕೆ ಮೀಸಲಿಟ್ಟರು. ಗಳಿಕೆ ಒಂದು ಕೋಟಿ ಡಾಲರ್ ದಾಟಿತು.

ಮುಂದಿನ ಕಂತಿನಲ್ಲಿ ಥಿಯೇಟರ್ ಬಾಡಿಗೆ, ಶೋ ಹಂಚಿಕೆ, ಪೋಸ್ಟರ್ ಖರ್ಚಿನ ಲೆಕ್ಕವನ್ನೂ ಕೊಡಿ.

— ಸಿನಿಮಾಸಕ್ತ ಓದುಗರು, ಶಿವಮೊಗ್ಗ