ಭಾನುವಾರದ ಪ್ರಶ್ನಾವಳಿ: ತುಂಬುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6ಕ್ಕೆ ಕುಂದವಾಡ ಕೆರೆ ದಂಡೆಯಲ್ಲಿ ಧ್ಯಾನಕ್ಕೆ ಕೂರುವ ಮೊದಲೇ ಹಾಳೆ ತುಂಬಬೇಕು. ಧ್ಯಾನ ಮುಗಿದ ಮೇಲೆ ಬೇಡ. ಆಗ ಮನಸ್ಸು ತಿಳಿಯಾಗಿರುತ್ತದೆ, ಅಂಕ ಸುಮ್ಮನೆ ಏರುತ್ತದೆ.

ಬಳಸುವುದು 1982ರ ಆಧ್ಯಾತ್ಮಿಕ ಕ್ಷೇಮ ಮಾಪಕ. 20 ಹೇಳಿಕೆಗಳಿವೆ: 10 ದೇವರ ಜೊತೆಗಿನ ನಂಟಿನ ಬಗ್ಗೆ, 10 ಬದುಕಿನ ಅರ್ಥ, ತೃಪ್ತಿಯ ಬಗ್ಗೆ. ಪ್ರತಿಯೊಂದಕ್ಕೂ 1ರಿಂದ 6 (6 ಎಂದರೆ ಪೂರ್ತಿ ಒಪ್ಪಿಗೆ). ಒಟ್ಟು 20ರಿಂದ 120.

ಎಡವುವುದೆಲ್ಲ ‘ಇಲ್ಲ’ ಎಂದು ಮುಗಿಯುವ ಸಾಲುಗಳಲ್ಲಿ. ‘ನನಗೆ ನೆಮ್ಮದಿಯಿಲ್ಲ’ ಎಂಬಂಥದ್ದಕ್ಕೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುವಾಗ ಎರಡು ‘ಇಲ್ಲ’ ಸೇರಿ ತಲೆ ಗಿರ್ರೆನ್ನುತ್ತದೆ. ನಿಧಾನವಾಗಿ ಎರಡು ಸಲ ಓದಿ. ಕೂಡುವ ಮುನ್ನ ಇಂಥ ನಕಾರಾತ್ಮಕ ಹೇಳಿಕೆಗಳ ಅಂಕವನ್ನು (‘ಇಲ್ಲ’ ಎಂಬ ಪದ ಇರದಿದ್ದರೂ) 7ರಿಂದ ಕಳೆಯಿರಿ: 2 ಇದ್ದರೆ 5 ಆಗುತ್ತದೆ. ಮರೆತರೆ ಇಡೀ ಮೊತ್ತ ಹಾಳು.

ಭಕ್ತಿ ಗಟ್ಟಿಯಿರುವವರಲ್ಲಿ ಅಂಕ ಮೊದಲೇ ಗರಿಷ್ಠದ ಹತ್ತಿರ ಇರುತ್ತದೆ. ಮುಂದೆ ಬೆಳೆದರೂ ಹಾಳೆಯಲ್ಲಿ ಕಾಣದು. ಹಾಗಾಗಿ ಇದನ್ನು ಸಾಧನೆಯ ರ‍್ಯಾಂಕ್ ಎಂದುಕೊಳ್ಳಬೇಡಿ, ದಯವಿಟ್ಟು ಅಂಕ ಗುಂಪಿಗೆ ಹಾಕಬೇಡಿ. ಹಾಕಿದರೆ ಮುಂದಿನ ಸಲ ಕೈ ತಾನಾಗೇ ಹೆಚ್ಚಿನ ಅಂಕದ ಕಡೆ ವಾಲುತ್ತದೆ.

8 ವಾರ ಬಿಟ್ಟು ಮತ್ತೆ ಇದೇ ಹೊತ್ತು, ಇದೇ ಜಾಗ. ಪೆನ್ನು ತನ್ನಿ.