ಕಣ್ಣಿಗೆ ಸುಣ್ಣ ಬಿದ್ದರೆ ಲಿಂಬೆ ಬೇಡ, ನೀರು ಹಾಕಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಮನೆಯ ಕಟ್ಟೆಯ ಮೇಲೆ ನಡೆದದ್ದನ್ನು ನಾಲ್ಕು ಜನರಿಗೆ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ನನ್ನ 4 ವರ್ಷದ ಮೊಮ್ಮಗ ನಮ್ಮ ಅವ್ವನ ಎಲೆ ಅಡಿಕೆ ಚಂಚಿ ಬಿಚ್ಚಿ, ಅದರಲ್ಲಿದ್ದ ಸುಣ್ಣದ ಪಾಕೀಟನ್ನು ಹಿಸುಕಿದ. ಪಾಕೀಟು ಒಡೆದು ಸುಣ್ಣ ನೇರವಾಗಿ ಬಲಗಣ್ಣಿಗೆ ಸಿಡಿಯಿತು. ಅವನು ಚೀರಿದ್ದಕ್ಕೆ ಓಣಿಯ ಜನವೆಲ್ಲ ಕೂಡಿತು.

ಮೊದಲು ಓಡಿ ಬಂದವಳು ಪಕ್ಕದ ಮನೆಯ ಹೆಣ್ಣುಮಗಳು. ಕೈಯಲ್ಲಿ ಹೆಚ್ಚಿದ ಲಿಂಬೆಹಣ್ಣು. “ಸರ್, ಎರಡು ಹನಿ ಹಿಂಡ್ತೀನ್ರಿ. ಸುಣ್ಣದ ಉರಿ ಹುಳಿಗೆ ಇಳೀತೈತಿ. ನೀವ ಸಾಲ್ಯಾಗ ಹೇಳಿದ್ರಲ್ರಿ” ಅಂದಳು. ಹೌದು, ಅವಳು ನನ್ನ ವಿದ್ಯಾರ್ಥಿನಿ. 7ನೇ ತರಗತಿಯಲ್ಲಿ ಆಮ್ಲ (ಲಿಂಬೆರಸದಂಥ ಹುಳಿ), ಪ್ರತ್ಯಾಮ್ಲದ (ಸುಣ್ಣದಂಥದ್ದು) ಪಾಠ ಮಾಡಿದವನು ನಾನೇ. ಅರಿಶಿನ ಹಚ್ಚಿದ ಕಾಗದಕ್ಕೆ ಸುಣ್ಣದ ತಿಳಿನೀರು ಹನಿಸಿ ಕೆಂಪು ಮಾಡಿ, ಅದರ ಮೇಲೆ ಲಿಂಬೆರಸ ಬಿಟ್ಟು ಮತ್ತೆ ಹಳದಿ ಮಾಡಿ ತೋರಿಸಿದ್ದೆ. ಅದನ್ನು ಅವಳು ಇಷ್ಟು ವರ್ಷ ನೆನಪಿಟ್ಟಿದ್ದಳು. ಅವಳ ಕೈ ಹಿಡಿದು ತಡೆದೆ.

ಆಮ್ಲ, ಪ್ರತ್ಯಾಮ್ಲ ಕೂಡಿದರೆ ಲವಣ ಮತ್ತು ನೀರು ಆಗುತ್ತವೆ. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆದರೆ ಅವು ಕೂಡುವಾಗ ಶಾಖವೂ ಹುಟ್ಟುತ್ತದೆ. ಪ್ರನಾಳದಲ್ಲಾದರೆ ಗಾಜು ಬೆಚ್ಚಗಾಗುತ್ತದೆ, ಅಷ್ಟೇ. ಕಣ್ಣಿನೊಳಗೆ ಆ ಶಾಖ ಸುಟ್ಟ ಜಾಗವನ್ನೇ ಮತ್ತೆ ಸುಡುತ್ತದೆ. ಲಿಂಬೆರಸವೂ ಆಮ್ಲವೇ ಅಲ್ವಾ? ಎಷ್ಟು ಸುಣ್ಣಕ್ಕೆ ಎಷ್ಟು ಹನಿ ಅಂತ ಅಳೆಯುವವರು ಯಾರು? ಅಳೆಯುತ್ತ ಕೂತರೆ ತೊಳೆಯುವ ಹೊತ್ತು ಕಳೆದುಹೋಗುತ್ತದೆ.

ಆಸಿಡ್ ಅಂದರೆ ಎಲ್ಲರಿಗೂ ಹೆದರಿಕೆ. ಸುಣ್ಣ ಅಂದರೆ ಮನೆಯದೇ ವಸ್ತು ಅನ್ನುವ ಸಲಿಗೆ. ಆದರೆ ಕಣ್ಣಿಗೆ ಸುಣ್ಣವೇ ಜಾಸ್ತಿ ಅಪಾಯ. ಆಮ್ಲ ಬಿದ್ದಾಗ ಕಣ್ಣಿನ ಮೇಲ್ಪದರದ ಪ್ರೋಟೀನು ಹಾಲು ಒಡೆದಂತೆ ಗಟ್ಟಿಯಾಗುತ್ತದೆ. ಆಮ್ಲ ಇನ್ನೂ ಒಳಗೆ ಹೋಗದಂತೆ ಅದು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಸುಣ್ಣ ಹಾಗಲ್ಲ. ಜೀವಕೋಶದ ಕೊಬ್ಬನ್ನೇ ಕರಗಿಸುತ್ತ ಒಳಗೆ ಇಳಿಯುತ್ತದೆ. ರೆಪ್ಪೆಯ ಅಡಿಯಲ್ಲಿ ಒಂದು ಹರಳು ಉಳಿದರೂ ಸುಡುವುದು ನಿಲ್ಲುವುದಿಲ್ಲ.

ನಾವು ಮಗುವನ್ನು ಬಚ್ಚಲಿಗೆ ಒಯ್ದು ಮಲಗಿಸಿ, ರೆಪ್ಪೆ ಬಿಡಿಸಿ ಹಿಡಿದು, ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟೆವು. ಅರ್ಧ ತಾಸು ಬಿಡದೆ. ಅವನು ಒದ್ದಾಡಿದ, ಅವನ ತಾಯಿ ಅತ್ತಳು, ಆದರೂ ನಿಲ್ಲಿಸಲಿಲ್ಲ. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಓಡಿದೆವು. ಅವರು ರೆಪ್ಪೆ ಮಗುಚಿ ಎರಡು ಸುಣ್ಣದ ಹರಳು ತೆಗೆದರು. ಆಮ್ಲವೋ ಪ್ರತ್ಯಾಮ್ಲವೋ ಅಂತ ತೋರಿಸುವ ಪಿಎಚ್ ಕಾಗದ ಮುಟ್ಟಿಸಿ ನೋಡಿ, ಎರಡೂ ಅಲ್ಲದ 7ರ ಆಸುಪಾಸಿಗೆ ಬರುವ ತನಕ ಮತ್ತೆ ತೊಳೆದರು. ಕಣ್ಣು ಉಳಿಯಿತು. ಮಸುಕು ಇನ್ನೂ ಪೂರ್ತಿ ಹೋಗಿಲ್ಲ.

ಪಾಠದಲ್ಲಿ ತಪ್ಪಿಲ್ಲ. ಕೆಂಪಿರುವೆ ಕಚ್ಚಿದಲ್ಲಿ ಅಡುಗೆ ಸೋಡಾ ಹಚ್ಚುವುದು, ಹೊಟ್ಟೆ ಹುಳಿಯಾದರೆ ಮಿಲ್ಕ್ ಆಫ್ ಮೆಗ್ನೀಶಿಯಾ ಕುಡಿಯುವುದು, ಎಲ್ಲ ಸರಿ. ನಮ್ಮ ಮಹಾಲಿಂಗಪುರದ ಗಾಣಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕುವುದೂ ಇದೇ ಲೆಕ್ಕ. ಹಾಲಿನ ಹುಳಿ ಮುರಿದರೆ ಬೆಲ್ಲ ಗಟ್ಟಿ ಕೂಡುತ್ತದೆ, ಸುಣ್ಣ ಜಾಸ್ತಿಯಾದರೆ ಕಪ್ಪಾಗುತ್ತದೆ. ಗಾಣದವರು ಕಣ್ಣಳತೆಯಲ್ಲೇ ಅದನ್ನು ಸರಿಯಾಗಿ ಹಾಕುತ್ತಾರೆ. ಹದ ತಪ್ಪಿದರೆ ಅಲ್ಲಿ ಒಂದು ಕೊಪ್ಪರಿಗೆ ಬೆಲ್ಲ ಕೆಡುತ್ತದೆ. ಕಣ್ಣು ಇನ್ನೊಂದು ಸಿಗುವುದಿಲ್ಲ.

ಆ ಪಾಠ ಮಾಡುವ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಅರಿಶಿನ ಕಾಗದ ತೋರಿಸುವ ದಿನವೇ ಇದನ್ನೂ ಹೇಳಿ: ಕಣ್ಣಿಗೆ ಆಮ್ಲ ಬೀಳಲಿ, ಸುಣ್ಣ ಬೀಳಲಿ, ಮೊದಲು ನೀರು, ಆಮೇಲೂ ನೀರು, ನಂತರ ಡಾಕ್ಟರು. ನಾನು ಸೇವೆಯಲ್ಲಿದ್ದಷ್ಟು ದಿನ ಒಮ್ಮೆಯೂ ಇದನ್ನು ಹೇಳಲಿಲ್ಲ. ಪಾನ್ ಅಂಗಡಿಯವರೂ ಸುಣ್ಣದ ಪಾಕೀಟನ್ನು ಮಕ್ಕಳ ಕೈಗೆ ಕೊಡಬೇಡಿ. “ಅಜ್ಜಿಗೆ ಬೇಕಂತ” ಅಂದರೂ ಕೊಡಬೇಡಿ. ಸುಣ್ಣ ತಯಾರಿಸುವವರು ಹಿಸುಕಿದರೆ ಒಡೆಯದ, ತಿರುವಿ ಮುಚ್ಚುವ ಗಟ್ಟಿ ಡಬ್ಬಿಯಲ್ಲಿ ಕೊಡಲಿ.

ಅವ್ವನ ಚಂಚಿ ಈಗ ತೊಲೆಯ ಗೂಟದಲ್ಲಿದೆ. ಮೊಮ್ಮಗನನ್ನು ಬರುವ ವಾರ ಮತ್ತೆ ಕಣ್ಣಿನ ತಪಾಸಣೆಗೆ ಕರೆದೊಯ್ಯಬೇಕು.

ಇತಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಮಹಾಲಿಂಗಪುರ, ಬಾಗಲಕೋಟೆ ಜಿಲ್ಲೆ