ಪಿಎಚ್‌ಡಿಗೆ ಸೇರುವ ಮುಂಚೆ

ಶಿರಸಿ

ಚಿ. ಮೇಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಸುದ್ದಿ ಓದಿದೆ. ಜಾಗತಿಕ ನಾವೀನ್ಯತೆ ಸೂಚ್ಯಂಕದಲ್ಲಿ 2015ರಲ್ಲಿ ನಮ್ಮ ದೇಶ 81ನೇ ಸ್ಥಾನದಲ್ಲಿತ್ತು, 2025ರಲ್ಲಿ 38ಕ್ಕೆ ಬಂತು. ಖುಷಿಯೇ. ಆದರೆ ಅದನ್ನು ನಂಬಿಕೊಂಡು ಪಿಎಚ್‌ಡಿಗೆ ಸೇರಬೇಡ, ಕೂಸೇ. ಸಂಶೋಧನೆಗೆ ನಾವು ಹಾಕುವುದು ಜಿಡಿಪಿಯ ಶೇ. 0.64 ಅಷ್ಟೇ. ದಕ್ಷಿಣ ಕೊರಿಯಾದವರು ಶೇ. 5ರ ಹತ್ತಿರ ಹಾಕುತ್ತಾರೆ. ಅಲ್ಲಿ ಮುಕ್ಕಾಲು ಪಾಲು ದುಡ್ಡು ಕಂಪನಿಗಳದ್ದು, ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಸರ್ಕಾರದ್ದು. ನಮ್ಮ ಕಂಪನಿಯವರಿಗೆ ಹೊರಗಿನ ಮೆಷಿನ್ ತಂದು ಕೂರಿಸುವುದೇ ಸಲೀಸು, ಅಲ್ವಾ?

ಹಾಗಂತ ಬೇಡ ಅನ್ನುತ್ತಿಲ್ಲ. ಸೇರು. ವಿಷಯ ಮಾತ್ರ ನೋಡಿ ಹಿಡಿ. ಹೊರದೇಶದ ದೊಡ್ಡ ದೊಡ್ಡ ಲ್ಯಾಬುಗಳು ಮುತ್ತಿಕೊಂಡ ವಿಷಯದಲ್ಲೇ ನೀನೂ ಹೋಗಿ ಯಾಕೆ ಸರದಿಯಲ್ಲಿ ನಿಲ್ಲಬೇಕು?

ನಮ್ಮ ಅಡಿಕೆ ತೋಟದ ಕೊಳೆರೋಗ ನೋಡು. ಮೈಸೂರು ಸರ್ಕಾರದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಅದಕ್ಕೆ ಫೈಟಾಫ್ಥೊರಾ ಎಂಬ ರೋಗಾಣು ಕಾರಣ ಅಂತ ತೋರಿಸಿಕೊಟ್ಟರು. ಮದ್ದು ಬೋರ್ಡೋ ದ್ರಾವಣ. ಅದೂ ಫ್ರಾನ್ಸಿನವರು ದ್ರಾಕ್ಷಿಗೆ ಅಂತ 1880ರ ದಶಕದಲ್ಲಿ ಕಂಡುಕೊಂಡದ್ದು. ಇವತ್ತಿಗೂ ನಾವು ಕಲೆಸುವುದು ಅದನ್ನೇ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕಾರ್ಬನ್ ಫೈಬರ್ ದೋಟಿ ಬಂತು, ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರ ಹತ್ತದೆ ಕೆಳಗೆ ನಿಂತೇ ಹೊಡೆಯುತ್ತಾನೆ. ಪೈಪಿನೊಳಗಿನ ಮದ್ದು ಮಾತ್ರ ಮುತ್ತಜ್ಜನ ಕಾಲದ್ದು! ಮಳೆ ಹೊಳವಾಗದೆ ಎರಡನೇ ಮದ್ದು ತಪ್ಪಿತೋ, ಹಸಿ ಅಡಿಕೆ ಬಿಳಿ ಬೂಸ್ಟು ಹಿಡಿದು ಬುಡದಲ್ಲಿ ರಾಶಿ ಬಿದ್ದಿರುತ್ತದೆ. ನೀನೇ ಹೆಕ್ಕಿದ್ದೀಯಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವವರು ನಾವು. ಇದಕ್ಕೆ ಕೊರಿಯಾದವರು ಬಂದು ಮದ್ದು ಹುಡುಕುತ್ತಾರಾ?

ಮೊದಲು ಕಾಸರಗೋಡಿನಲ್ಲಿ ತೋಟದ ಬೆಳೆಗಳ ಮೇಲೆ ಸಂಶೋಧನೆ ಮಾಡುವ ಕೇಂದ್ರ ಸಂಸ್ಥೆ ಸಿಪಿಸಿಆರ್‌ಐಗೆ ಹೋಗಿ, ಅಡಿಕೆ ಮೇಲೆ ಕೆಲಸ ಮಾಡುವವರನ್ನು ಕಂಡು ಬಾ.

ದುಡ್ಡಿನ ವಿಷಯ ಕೇಳಲು ನಾಚಬೇಡ. ಜೆಆರ್‌ಎಫ್, ಅಂದರೆ ಪಿಎಚ್‌ಡಿ ಮಾಡುವವರಿಗೆ ಕೊಡುವ ಫೆಲೋಶಿಪ್, ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಅದು ತಿಂಗಳು ತಿಂಗಳು ಕೈಗೆ ಬರುತ್ತದೆಯೋ ಇಲ್ಲವೋ ಅನ್ನುವುದನ್ನು ಗೈಡನ್ನಲ್ಲ, ಸೀನಿಯರುಗಳನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳು.

ಕೈಗೆ ಬಂದ ಕಂಪನಿ ಕೆಲಸ ಬಿಟ್ಟಳು ಅಂತ ನಿನ್ನಪ್ಪ ಹಾರಾಡುತ್ತಾನೆ. ಅವನ ಹತ್ತಿರ ನಾನು ಮಾತಾಡುತ್ತೇನೆ. ಚೌತಿಗೆ ಬರುವಾಗ ಸ್ಯಾಂಪಲ್ ಒಯ್ಯಲು ಡಬ್ಬಿ ತಂದುಕೋ. ಈ ವರ್ಷ ಕೆಳಗಿನ ತೋಟದಲ್ಲಿ ಕೊಳೆ ಜೋರಾಗಿದೆ.

ಇತಿ,
ದೊಡ್ಡಪ್ಪ